ಮೂವತ್ತಾರು ದಿನದ ಬಾಕಿ

ಭೀಮಶಾ ಮೂಲಗೆ ಮಾಸ್ತರರ ಖಾತೆಪುಸ್ತಕ ಈಗ ನನ್ನ ಬಳಿ ಇದೆ.
ಕೆಂಪು ಬಟ್ಟೆಯ ರಟ್ಟು, ಒಳಗೆ ಜಮಾ, ಖರ್ಚು ಅಂತ ಅಚ್ಚಾದ ಎರಡು ಕಾಲಂ.
ಶಹಾಬಾದಿನ ಯಾರೋ ಫರ್ಸಿ ವ್ಯಾಪಾರಿ ಬಿಟ್ಟುಕೊಟ್ಟದ್ದು;
ಮೊದಲ ಪುಟದಲ್ಲಿ ಇನ್ನೂ ಕಲ್ಲಿನ ಅಳತೆ,
ಎರಡನೆಯದರಿಂದ ದೇಶ.

ನಾಲ್ಕು ವರ್ಷಕ್ಕೊಂದು ಪುಟ.
ಪದಕ ಬಂದರೆ ಜಮಾ. ಬಾರದಿದ್ದರೆ ಖರ್ಚು:
ಯಾರು, ಯಾವ ಓಟ, ಎಷ್ಟರಲ್ಲಿ ತಪ್ಪಿತು.
ಖರ್ಚಿನ ಬದಿ ತುಂಬಿ, ಅಂಚು ಹತ್ತಿ, ತಿರುಗಿ
ಜಮಾದ ಬಿಳುಪಿನೊಳಗೆ ನುಗ್ಗಿದೆ.

ಎಲ್ಲ ಮಸಿಯಲ್ಲಿ.
ನಲವತ್ತೆಂಟರದು ಮಾತ್ರ ಪೆನ್ಸಿಲು.

ಯಾಕ್ರೀ ಸರ್, ಎಂದಿದ್ದೆ. ನಾನಾಗ ಏಳನೇ ಇಯತ್ತೆ,
ಕೈಯಲ್ಲಿ ಮೈದಾನಕ್ಕೆ ಗೆರೆ ಎಳೆಯುವ ಸುಣ್ಣದ ಡಬ್ಬಿ.

"ಆವಾಗ ನಂಗ ಒಂಬತ್ತು. ರಜಾಕಾರರ ಹೆದರಿಕಿಗಿ
ಊರು ಬಿಟ್ಟು ಗಡಿ ದಾಟಿದ್ದೆವು, ದುಧನಿ ಬಾಜೂಕ ಟೆಂಟು.
ಆಗಸ್ಟ್ ತಿಂಗಳು. ಚಹಾದಂಗಡಿ ರೇಡಿಯೊ ಹೇಳ್ತು,
ಲಂಡನ್ನಿನಾಗ ಹಾಕಿ, ನಾಕು ಸೊನ್ನೆ,
ಆಳಿದವರ ಮನಿಗೇ ಹೋಗಿ ಹಿಂದುಸ್ತಾನ ಗೆದ್ದದ.
ಮಂದಿ ಕುಣಿದರು. ನಾನೂ ಕುಣಿದೆ.
ಆಮ್ಯಾಲ ಅಪ್ಪಗ ಕೇಳ್ದೆ: ನಾವು ಗೆದ್ದೇವೇನಪ್ಪ?
ಅಪ್ಪ ಬೀಡಿ ಆರಿಸಿದ.
ನಾವಿನ್ನಾ ನಿಜಾಮನ ಮಂದಿ, ಅಂದ. ಗೆದ್ದಾವ್ರು ಅವರು."

ಮೂವತ್ತಾರು ದಿನ ಬಿಟ್ಟು ನಾವೂ ಆ ದೇಶವಾದೆವು.
ಆದರೆ ಗೆಲುವು ಹಿಂದಿನಿಂದ ಲಾಗೂ ಆಗುತ್ತದೆಯೇ,
ಪಗಾರದ ಅರಿಯರ್ಸಿನಂತೆ?
ಖಜಾನೆಗೆ ಅರ್ಜಿ ಹಾಕುವ ಸಂಗತಿ ಅಲ್ಲ ಅದು.
ಪೆನ್ಸಿಲಿನಲ್ಲೇ ಇಟ್ಟರು ಮಾಸ್ತರರು.

ರೋಮ್, ಅರವತ್ತು: ನಾಲ್ಕನೆಯ ಸ್ಥಾನ. ಸೆಕೆಂಡಿನ ಹತ್ತರಲ್ಲೊಂದು ಪಾಲು.
ಮಾಂಟ್ರಿಯಲ್: ಜಮಾ ಖಾಲಿ. ಚಹಾ ಲೋಟದ ಗುಂಡನೆಯ ಗುರುತು.
ಲಾಸ್ ಏಂಜಲೀಸ್, ಎಂಬತ್ನಾಲ್ಕು: ಒಬ್ಬ ಹುಡುಗಿ, ಹರ್ಡಲ್ಸು,
ನಾಲ್ಕನೆಯ ಸ್ಥಾನ. ನೂರರಲ್ಲೊಂದು ಪಾಲು.

ಆ ನೂರರಲ್ಲೊಂದನ್ನು ನಮಗೆ ತೋರಿಸಲೆಂದೇ
ಹೈದರಾಬಾದಿನಿಂದ ಸ್ಟಾಪ್‌ವಾಚು ತಂದರು.
ಒತ್ರಿ, ಒತ್ತಿದ ಕೂಡಲೇ ಮತ್ತ ಒತ್ರಿ.
ಇಡೀ ತರಗತಿ ಸಾಲಾಗಿ ಒತ್ತಿತು.
ಗಿರಣಿ ರುಕುಂಸಾಬನ ಮಗನದು ಹದಿನಾಲ್ಕು. ನನ್ನದು ಒಂಬತ್ತು.
ಒಂದು, ಯಾರ ಬೆರಳಿಗೂ ಬರಲಿಲ್ಲ.
"ನೋಡ್ರಿ, ನಿಮ್ಮ ಬಟ್ಟಿಗೂ ಸಿಗಲಾರದಷ್ಟು ಸಣ್ಣದು," ಎಂದು
ವಾಚನ್ನು ಕರವಸ್ತ್ರದಲ್ಲಿ ಸುತ್ತಿದರು.

ಕ್ರೀಡಾಕೂಟದಲ್ಲಿ ಗೆದ್ದವರು ನಿಲ್ಲುವುದು ಫರ್ಸಿಯ ಮೇಲೆ.
ಮೊದಲನೆಯವರಿಗೆ ಮೂರು ಕಲ್ಲು, ಎರಡನೆಯವರಿಗೆ ಎರಡು,
ಮೂರನೆಯವರಿಗೆ ಒಂದು.
ಎಂಟುನೂರು ಮೀಟರಿನಲ್ಲಿ ನಾನು ನಾಲ್ಕನೆಯವಳು.
ಎಲ್ಲಿ ನಿಲ್ಲಬೇಕೋ ತಿಳಿಯದೆ ಕೊನೆಯ ಕಲ್ಲಿನ ಪಕ್ಕ ಬಂದು ನಿಂತೆ,
ಉಸಿರು ಇನ್ನೂ ಬಾಯಲ್ಲೇ ಇತ್ತು.
ಮಾಸ್ತರರು ಹೋಗು ಅನ್ನಲಿಲ್ಲ.
ಬೂಟಿನ ತುದಿಯಿಂದ ಮಣ್ಣು ಸರಿಸಿ ತೋರಿಸಿದರು:
"ಕೆಳಗೂ ಅದೇ ಕಲ್ಲು ಅದ. ನಿಂದರು."

ಬೀಜಿಂಗಿನ ಬಂಗಾರದ ಹೊತ್ತಿಗೆ ಅವರ ಕೈ ನಡುಗುತ್ತಿತ್ತು;
ಅಕ್ಷರಗಳು ಜಮಾದ ಗೆರೆ ದಾಟಿ ಖರ್ಚಿಗೆ ಚಾಚಿವೆ.
ಟೋಕಿಯೊದ ಭರ್ಜಿ ನನ್ನ ಅಕ್ಷರ. ಅವರಿರಲಿಲ್ಲ.
ಪ್ಯಾರಿಸ್ಸಿನಲ್ಲಿ ಆರು ಸಲ ನಾಲ್ಕನೆಯ ಸ್ಥಾನ,
ಬರೆಯಲು ಜಾಗ ಸಾಲದೆ
ಮೊದಲ ಪುಟಕ್ಕೆ ಹೋಗಿ, ಎರಡಡಿ ಬೈ ಎರಡಡಿ, ನಯಾ ಪಾಲಿಶ್,
ಆ ಕಲ್ಲುಗಳ ಸಂದಿಯಲ್ಲಿ ತುಂಬಿದೆ.

ಹಾಗೆ ತಿರುವುವಾಗ ನಲವತ್ತೆಂಟು ಸಿಕ್ಕಿತು.
ಪೆನ್ಸಿಲು ಮಾಸಿದೆ. ನಾಕು ಸೊನ್ನೆಯಲ್ಲಿ
ಸೊನ್ನೆಯೊಂದೇ ಸ್ಪಷ್ಟ.
ಪೆನ್ನಿನ ಮುಚ್ಚಳ ತೆಗೆದೆ. ಮತ್ತೆ ಹಾಕಿದೆ.
ಮೇಜಿನ ಖಾನೆಯಲ್ಲಿ ತಡಕಾಡಿ, ಮೊಂಡು ಪೆನ್ಸಿಲೊಂದನ್ನು ಚೂಪು ಮಾಡಿ
ಅವರ ನಾಲ್ಕರ ಮೇಲೆಯೇ ನಿಧಾನ ತಿದ್ದತೊಡಗಿದೆ.

ಮೇಡಂ, ಸುಣ್ಣ ಮುಗದದ, ಹೊರಗೆ ಹುಡುಗಿ ಕೂಗಿದಳು,
ಇನ್ನಾ ಎರಡು ಗೆರಿ ಬಾಕಿ ಅವ.