ಉಳಿದ ಗುಳಿಗೆ ಎಣಿಸುವುದು

ಬುಧವಾರ, ಐದೂ ನಲವತ್ತರ ರೈಲು, ವೂಜ್‌ನಿಂದ ವಾರ್ಸಾಗೆ.
ಇಪ್ಪತ್ತಾರು ವರ್ಷ ಟ್ರಾಮ್ ಓಡಿಸಿದವಳು ನಾನು,
ಇನ್ನೊಬ್ಬರ ಗಾಡಿಯಲ್ಲಿ ಕೂತರೆ
ಬಲಗಾಲು ತಾನಾಗಿ ಬ್ರೇಕು ಹುಡುಕುತ್ತದೆ.

ಚೀಲದಲ್ಲಿ ಡಬ್ಬಿ. ಡಬ್ಬಿಯಲ್ಲಿ ಐದು ಗುಳಿಗೆ ಉಳಿದಿರಬೇಕು.
ಆರಿವೆ.
ಗುಳಿಗೆಗೆ ಇನ್ನೂ ಹೆಸರಿಟ್ಟಿಲ್ಲ. ಎರಡು ಅಕ್ಷರ, ನಾಲ್ಕು ಅಂಕಿ,
ಡಿಪೋದಲ್ಲಿ ಗಾಡಿಗಳ ಮೈಮೇಲೆ ಬರೆಯುತ್ತಿದ್ದೆವಲ್ಲ, ಹಾಗೆ.
ನನಗೂ ಅಲ್ಲಿ ಹೆಸರಿಲ್ಲ: ಸೊನ್ನೆ ಒಂದು ಏಳು.
ನಾಮಕರಣವಾಗದ ಎರಡು ಕೂಸು,
ಒಂದರ ಹೊಟ್ಟೆಯೊಳಗೆ ಒಂದು.

ಒಪ್ಪಿಗೆ ಪತ್ರ ಮೂವತ್ತನಾಲ್ಕು ಪುಟ.
ಹನ್ನೊಂದನೆಯದರಲ್ಲಿ ಒಂದು ಸಾಲು:
‘ಇದರಿಂದ ತಮಗೆ ಪ್ರಯೋಜನ ಆಗದೆಯೂ ಇರಬಹುದು.’
ನನ್ನ ಮದುವೆಯ ದಿನ ಪಾದ್ರಿ ಇಷ್ಟು ನೇರವಾಗಿ ಮಾತಾಡಿದ್ದರೆ, ಎಂದೆ.
ಡಾಕ್ಟರ್ ನಗಲಿಲ್ಲ. ನರ್ಸ್ ಓಟಿಲ್ಯಾ ನಕ್ಕಳು.
ಸಹಿ ಹಾಕಿದೆ, ಪ್ರತಿ ಪುಟದಲ್ಲೂ.

ಮನೆಗೊಂದು ದಿನಚರಿ ಕೊಟ್ಟಿದ್ದಾರೆ:
ಎಷ್ಟು ಹೊತ್ತಿಗೆ ನುಂಗಿದಿರಿ, ವಾಂತಿ ಎಷ್ಟು ಸಲ,
ಪಾದದ ಉರಿ ಹತ್ತಕ್ಕೆ ಎಷ್ಟು.
ಚಕೋತ ತಿನ್ನಕೂಡದು. ಹುಟ್ಟಿದಾಗಿನಿಂದ ತಿಂದವಳಲ್ಲ,
ಈಗ ಅಂಗಡಿ ಮುಂದೆ ಹಾದರೆ ಬಾಯಲ್ಲಿ ನೀರು.
ಭಯಕ್ಕೆ ಕಾಲಂ ಇಲ್ಲ.
ಒಂದು ಮಂಗಳವಾರದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಗೀಚಿದ್ದೆ:
ಅಂಗಳದ ಲಿಂಡನ್ ಮರ ಹೂ ಬಿಟ್ಟಿತು.
ಯಾರೋ ಅದನ್ನೂ ಕಂಪ್ಯೂಟರಿಗೆ ತುಂಬಿದರಂತೆ:
‘ಇತರೆ ಘಟನೆ. ಔಷಧಿಗೆ ಸಂಬಂಧವಿಲ್ಲ.’

ರಕ್ತ ಎಂಟಕ್ಕೆ, ಎಂಟೂವರೆಗೆ, ಒಂಬತ್ತಕ್ಕೆ, ಹನ್ನೊಂದಕ್ಕೆ.
ನನ್ನ ತೋಳಿಗೂ ಈಗ ವೇಳಾಪಟ್ಟಿ.
ಮಂಜುಗಡ್ಡೆಯ ಮೇಲೆ ಕೂತು ಅದು ಬಾಸೆಲ್‌ಗೆ ವಿಮಾನ ಹತ್ತುತ್ತದೆ,
ಈ ದೇಶದ ಗಡಿ ದಾಟದವಳ ರಕ್ತ!
ಹೋಗಿ ಬಾ ಅನ್ನುತ್ತೇನೆ, ಬಾಯಿಮಾತಿಗೆ.

ಇರೆನೇಉಶ್ ಅಂತ ಒಬ್ಬನಿದ್ದ, ಪೊದ್ಲಾಸಿಯ ಕಡೆಯವನು, ಜೇನು ಸಾಕುತ್ತಿದ್ದ.
ಮೊದಲ ಮೂವರಲ್ಲಿ ಒಬ್ಬ. ಪ್ರಮಾಣ ಆಗ ಚಿಟಿಕೆಯಷ್ಟು.
ಮೂವರಿಗೆ ಕೊಡುವುದು, ಕಾಯುವುದು, ತಡೆದುಕೊಂಡರೆ
ಮುಂದಿನ ಮೂವರಿಗೆ ಒಂದು ಮೆಟ್ಟಿಲು ಮೇಲೆ.
ನಾನು ಮೂರನೇ ಮೆಟ್ಟಿಲಿನವಳು.
‘ಮೊದಲು ಹಾರೋ ಹುಳ ಜೇನು ತರಲ್ಲ,’ ಅಂದಿದ್ದ ಒಮ್ಮೆ,
‘ದಾರಿ ತರುತ್ತೆ.’
ಆಮೇಲೆ ತನ್ನ ಮಾತಿಗೆ ತಾನೇ ನಾಚಿ, ಕೆಮ್ಮಿ,
ಒಂದು ಬಾಟಲಿ ಜೇನು ಕೈಗಿಟ್ಟ.
ತಿನ್ನಬಹುದೇ ಅಂತ ಕೇಳಿದ್ದಕ್ಕೆ ಕಂಪನಿಯವರು ಉತ್ತರ ಕೊಡಲು ಮೂರು ದಿನ.

ಫೆಬ್ರವರಿಯಿಂದ ಅವನ ಕುರ್ಚಿಯಲ್ಲಿ ಬೇರೆ ಯಾರೋ.
ಕೇಳಿದೆ. ಓಟಿಲ್ಯಾ ಗುಟ್ಟು ಕಾಯಬೇಕಾದವಳು;
ತೋಳಿನ ಬ್ಯಾಂಡೇಜು ಸ್ವಲ್ಪ ಬಿಗಿಯಾಗಿ ಸುತ್ತಿದಳು, ಅಷ್ಟೇ.

ಇವತ್ತು ಸ್ಕ್ಯಾನಿನ ಫಲ: ‘ಸ್ಥಿರ.’
ನಲವತ್ತೊಂದು ಮಿಲಿಮೀಟರ್ ಇತ್ತು, ನಲವತ್ತೊಂದೇ ಇದೆ.
ಹಿಂದೊಂದು ಜನವರಿ ರಾತ್ರಿ, ಕರೆಂಟು ಹೋಗಿ
ನನ್ನ ಟ್ರಾಮ್ ನಡುರಸ್ತೆಯಲ್ಲಿ ನಿಂತುಬಿಟ್ಟಿತ್ತು.
ಹೊರಗೆ ಹಿಮ, ಯಾರೂ ಇಳಿಯಲಿಲ್ಲ.
ಒಬ್ಬಾತ ಫ್ಲಾಸ್ಕು ತೆಗೆದು ಮುಚ್ಚಳದಲ್ಲೇ ಚಹಾ ಹಂಚಿದ,
ಒಬ್ಬಾಕೆ ಕತ್ತಲಲ್ಲೇ ಕಾಲುಚೀಲ ಹೆಣೆದಳು.
ಯಾವಾಗ ಹೊರಡುತ್ತೆ ಅಂತ ಎಲ್ಲರೂ ಕೇಳಿದ್ದು ನನ್ನನ್ನೇ,
ಚಾಲಕಿ ತಾನೇ ನಾನು.
ನನಗೇನು ಗೊತ್ತು, ಅಂದಿದ್ದೆ.

ಓಟಿಲ್ಯಾ ತಟ್ಟೆಗೆ ಡಬ್ಬಿ ಸುರಿದಳು. ಎಣಿಸಿದಳು. ಮತ್ತೆ ಎಣಿಸಿದಳು.
ರೈಲಿನ ಕಕ್ಕಸಿಗೆ ಹಾಕಿಬಿಡಬಹುದಿತ್ತು ಆರನೆಯದನ್ನು.
ಬಾಗಿಲ ತನಕ ಹೋಗಿದ್ದೆ ಕೂಡ.
ಆ ಸುಳ್ಳು ಲೆಕ್ಕದ ಮೇಲೆ ಕಾಲಿಟ್ಟು
ನಾಲ್ಕನೇ ಮೆಟ್ಟಿಲು ಹತ್ತುವ ಮೂವರು ಎಲ್ಲೋ
ಈಗ ಬೂಟು ಹಾಕಿಕೊಳ್ಳುತ್ತಿರಬಹುದು.

ಮರೆತಿರಾ?
ಇಲ್ಲ. ಒಂದು ಭಾನುವಾರ ಬೇಕೆಂದೇ ಬಿಟ್ಟೆ.
ಅವತ್ತೊಂದು ದಿನ ಬರೀ ವಿಯೆಸ್ವಾವಾ ಆಗಿರೋಣ ಅನ್ನಿಸಿತು.
ಮಧ್ಯಾಹ್ನದವರೆಗೆ ಮಲಗಿದೆ. ಬ್ರೆಡ್ಡಿಗೆ ಜೇನು ಹಚ್ಚಿ ತಿಂದೆ.

ಅವಳು ಬರೆದಳು: ‘ತಪ್ಪಿದ ಗುಳಿಗೆ, ಒಂದು. ಕಾರಣ’
ಪೆನ್ನು ಅಲ್ಲೇ ನಿಂತಿತು.
ಕಿಟಕಿಯಾಚೆ ಯಾವುದೋ ಟ್ರಾಮ್ ತಿರುವಿನಲ್ಲಿ ಕಿರುಗುಟ್ಟಿತು,
ಹಳಿಗೆ ಎಣ್ಣೆ ಹಾಕಿಲ್ಲ.