ಕಿತ್ತ ಬಾರು

ಕೆರೆನ್ ಪಟ್ಟಣದಲ್ಲಿ, ಒಂಟೆಸಂತೆಗೆ ಹೋಗುವ ದಾರಿಯ ಮಗ್ಗುಲಲ್ಲಿ
ನನ್ನದೊಂದು ಅಂಗಡಿ. ಒಂದು ಕನ್ನಡಿ, ಎರಡು ಕುರ್ಚಿ.
ಮದುಮಕ್ಕಳಿಗೆ ಜಡೆ ಹೆಣೆಯುತ್ತೇನೆ,
ನೆತ್ತಿಯಿಂದ ಕತ್ತಿನವರೆಗೆ ಬಿತ್ತನೆಯ ಸಾಲಿನಂಥ ಸಣ್ಣ ಸಣ್ಣ ಜಡೆ.
ಕರೆಂಟು ಹೋದರೂ ಕೈ ನಿಲ್ಲುವುದಿಲ್ಲ.
ಎಲ್ಲಿ ಕಲಿತೆ ಅಬ್ರೆಹೆತ್, ಅನ್ನುತ್ತಾರೆ.
ಕತ್ತಲಲ್ಲಿ, ಅನ್ನುತ್ತೇನೆ. ನಗುತ್ತಾರೆ.
ಕಣ್ಣಿಗೆ ಬಟ್ಟೆ ಕಟ್ಟಿ
ಬಂದೂಕು ಬಿಚ್ಚಲು, ಜೋಡಿಸಲು ಕಲಿಸಿದ್ದರು.
ಬೆರಳಿಗೇನು ಗೊತ್ತು, ಕಬ್ಬಿಣವೋ ಕೂದಲೋ.

ನಕ್ಫಾದ ಗುಡ್ಡದಲ್ಲಿ ನನ್ನ ಕೂದಲು ನಾನೇ ಕತ್ತರಿಸಿದ್ದೆ.
ಹೇನು. ನೀರಿಲ್ಲ. ಮತ್ತೆ ಹೆಣ್ಣು ಗಂಡೆಂಬ ಭೇದ
ಇನ್ನು ಮುಂದೆ ಇಲ್ಲವೆಂದು ಹೇಳಿದ್ದರಲ್ಲ, ಅದಕ್ಕೆ.
ಶಾಂತಿ ಬಂದ ಮೇಲೆ ಗಂಡ (ಅವನೂ ಕಂದಕದವನೇ)
ನಿನ್ನ ಕೈ ಒರಟು ಅಂದ,
ಉದ್ದ ಕೂದಲಿನವಳನ್ನು ಕಟ್ಟಿಕೊಂಡ.
ಅವಳಿಗೆ ಜಡೆ ಹಾಕಿದವಳು ನಾನೇ ಎಂದು ಊರು ಕಥೆ ಕಟ್ಟಿದೆ.
ಸುಳ್ಳು.

ಮಗಳು ಕೇಳುತ್ತಾಳೆ: ಯುದ್ಧ ಹೇಗಿತ್ತು?
ಶಾಲೆಯಲ್ಲಿ ಎರಡು ಪುಟ ಬರೆಯಬೇಕಂತೆ.

ಹೇಗಿತ್ತು.
ಮುಕ್ಕಾಲು ಪಾಲು ಬೇಸರ ಕಣೇ.
ಬೇಳೆಯಲ್ಲಿ ಕಲ್ಲು ಆರಿಸುವುದು, ಮೋಡಕ್ಕೆ ಹೆಸರಿಡುವುದು,
ಕತ್ತಲಲ್ಲಿ ಕೆಮ್ಮಿದ್ದು ಯಾರೆಂದು ಕೆಮ್ಮಿನಿಂದಲೇ ಹೇಳುವುದು.
ಆಮೇಲೆ ಒಂದು ಬೆಳಗ್ಗೆ
ಗುಡ್ಡ ಎದ್ದು ಕೂತು ಸೀನುತ್ತದೆ.
ಸದ್ದು ಕಿವಿಗೆ ಬರುವುದಿಲ್ಲ, ಹಲ್ಲಿಗೆ ಬರುತ್ತದೆ.
ಬಾಯಿ ತುಂಬ ತಾಮ್ರದ ಕಾಸಿನ ರುಚಿ.
ಹೆದರಿಕೆಯೇ? ಇರಬಹುದು.
ನನ್ನ ಮೈಯನ್ನು ಯಾರೋ ಹೇಳದೆ ಕೇಳದೆ ಕಡ ಒಯ್ದು
ಓಡುತ್ತಿದ್ದ ಹಾಗೆ,
ನಾನು ಹಿಂದೆ ಹಿಂದೆ, ಕೊಡಿ, ನನ್ನದು, ಕೊಡಿ ಅನ್ನುತ್ತ.

ಅವಳು ಬರೆದುಕೊಳ್ಳುತ್ತಾಳೆ. ಕಾಗುಣಿತ ಕೇಳುತ್ತಾಳೆ.
ಖುಷಿಯೂ ಆಗಿತ್ತು ಎಂಬುದನ್ನು
ನಾನು ಹೇಳುವುದಿಲ್ಲ.

ಇದನ್ನೂ ಹೇಳುವುದಿಲ್ಲ:
ಏರಿನ ಅರ್ಧದಲ್ಲಿ ಚಪ್ಪಲಿಯ ಬಾರು ಕಿತ್ತಿತು.
ಕಪ್ಪು ಪ್ಲಾಸ್ಟಿಕ್ಕಿನ ಚಪ್ಪಲಿ, ನಮ್ಮೆಲ್ಲರದೂ ಅದೇ,
ಕಾಯಿಸಿದರೆ ಕೂಡಿಕೊಳ್ಳುವಂಥದು.
ಬಂಡೆಯ ಮರೆಗೆ ಕೂತೆ.
ಮೂರು ಮ್ಯಾಗಜೀನ್ ಉಗುಳಿದ ನಳಿಗೆ ಕೆಂಡದಷ್ಟು ಬಿಸಿ.
ಬಾರಿನ ತುದಿಯನ್ನು ಅದಕ್ಕೊತ್ತಿ ಹಿಡಿದೆ.
ನನ್ನ ಸರದಿ ಮುಂದಿತ್ತು.
ಫೆಸ್ಸೆಹಾ ತಿರುಗಿ ನೋಡಿದ. ಅಂಗಿಯ ಒಂದು ಗುಂಡಿ ಇರಲಿಲ್ಲ,
ಅಲ್ಲಿ ಮುಳ್ಳು ಚುಚ್ಚಿಕೊಂಡಿದ್ದ.
ಕೂತ್ಕೋ, ಒಂದು ನಿಮಿಷದ ಕೆಲಸ, ಅಂದ.
ನನ್ನನ್ನು ದಾಟಿ ಹೋದ.

ಒಂದು ನಿಮಿಷ ಹಿಡಿಯುವುದಿಲ್ಲ ಅದಕ್ಕೆ.
ಹನ್ನೊಂದು ಎಣಿಸಿದರೆ ಸಾಕು,
ಪ್ಲಾಸ್ಟಿಕ್ಕು ಬೆವರುತ್ತದೆ, ಅಂಟುತ್ತದೆ.
ಎಷ್ಟು ಚೆನ್ನಾಗಿ ಅಂಟಿತ್ತೆಂದರೆ
ಮುಂದಿನ ನಾಲ್ಕು ವರ್ಷ ಆ ಬಾರು ಕೀಳಲಿಲ್ಲ.
ಅದೇ ಚಪ್ಪಲಿಯಲ್ಲಿ ಅಸ್ಮಾರಾದ ಬೀದಿಯಲ್ಲಿ ಕುಣಿದೆ.

ಈಗ ಊರಾಚೆ ಕಸ ಸುಡುತ್ತಾರೆ, ಬುಧವಾರ, ಶನಿವಾರ.
ಗಾಳಿ ಈ ಕಡೆ ತಿರುಗಿದರೆ
ಹೆಂಗಸರು ಬಿಳಿಯ ಸೆರಗಿನಿಂದ ಮೂಗು ಮುಚ್ಚುತ್ತಾರೆ.
ನಾನು ಉಸಿರೆಳೆದುಕೊಳ್ಳುತ್ತೇನೆ. ಎದೆ ತುಂಬ.
ಅಳು ಬರಬೇಕಿತ್ತು.
ಬರುವುದು ಹಸಿವು; ಬದುಕಿದವಳ ಹಸಿವು,
ರೊಟ್ಟಿ ಮುರಿದು ನಿಂತಲ್ಲೇ ತಿನ್ನುತ್ತೇನೆ.

ಮಗಳ ಎರಡು ಪುಟಕ್ಕೆ ಹತ್ತಕ್ಕೆ ಎಂಟು ಬಂತು.
ನನ್ನ ತಾಯಿ ಧೀರೆ, ಎಂದು ಮೊದಲ ಸಾಲು.

ಇವತ್ತು ಹೊಸ್ತಿಲಲ್ಲಿ ಒಂಟಿಕಾಲಲ್ಲಿ ನಿಂತಿದ್ದಾಳೆ,
ಕೈಯಲ್ಲಿ ಚಪ್ಪಲಿ, ನೇತಾಡುವ ಬಾರು.
ಚಾಕು ಕಾಯಿಸಿ ಅಂಟಿಸಿಕೊಡಮ್ಮ, ಗಂಟೆ ಹೊಡೆಯುತ್ತೆ.
ಹೊಸದು ಕೊಡಿಸುತ್ತೇನೆ, ಅನ್ನುತ್ತೇನೆ.
ಒಲೆ ಉರೀತಿದೆಯಲ್ಲ, ಅನ್ನುತ್ತಾಳೆ.
ನನ್ನದು ಹಾಕಿಕೊಂಡು ಹೋಗು.
ಅಯ್ಯೋ ಅಮ್ಮ, ಒಂದು ನಿಮಿಷದ ಕೆಲಸ—

ಕುರ್ಚಿಯಲ್ಲಿ ಮದುಮಗಳು ಕಾಯುತ್ತಿದ್ದಾಳೆ, ಅರ್ಧ ಹೆಣೆದ ತಲೆ.
ನನ್ನ ಚಪ್ಪಲಿ ಬಿಚ್ಚಿ ಅವಳತ್ತ ದೂಡುತ್ತೇನೆ.
ದೊಡ್ಡದಾಗುತ್ತದೆ. ಎಳೆದುಕೊಂಡು ಓಡುತ್ತಾಳೆ,
ಟಪ್ ಟಪ್, ಬೈಯುತ್ತ.
ಬರಿಗಾಲಲ್ಲಿ ನಿಂತು
ಎಣಿಸುತ್ತೇನೆ.