ನೆರಳಿಗೆ ಕಾಲಂ ಇಲ್ಲ

ಮಳೆ ಕಮ್ಮಿಯಾಯಿತು, ಅದಕ್ಕೇ, ಎನ್ನುತ್ತಾರೆ.
ಇಲ್ಲ. ಬಿರುನಾಣಿಯ ಈ ತೋಟದ ಮಳೆಪುಸ್ತಕ
ಹತ್ತೊಂಬತ್ತು ವರ್ಷದಿಂದ ನನ್ನ ಕೈಬರಹದಲ್ಲೇ ಇದೆ.
ಬೆಳಿಗ್ಗೆ ಏಳಕ್ಕೆ ಡಬ್ಬಿ ಬಗ್ಗಿಸಿ ಅಳೆದು
ಇಂಚು ಇಷ್ಟು, ಸೆಂಟು ಇಷ್ಟು.
ಹೋದ ವರ್ಷ ಇನ್ನೂರ ಹದಿನಾಲ್ಕು ಇಂಚು,
ಅದರ ಹಿಂದಿನದಕ್ಕಿಂತ ಒಂದು ಗೇಣು ಜಾಸ್ತಿಯೇ.

ನೀರು ಬಂತು. ಕಪ್ಪೆ ಬರಲಿಲ್ಲ.

ಮೊದಲು ತೋರಿಸಿದವಳು ಚಿಮ್ಮಿ.
ಮೆಣಸಿನ ಬಳ್ಳಿ ಕಟ್ಟುತ್ತಿದ್ದವಳು ತೋಡಿನ ಕಡೆ ತಿರುಗಿ
"ರೈಟರೇ, ಬನ್ನಿ, ಉಸಿರು ಬಿಡಬೇಡಿ" ಎಂದಳು.
ನಡುಗಲ್ಲಿನ ಮೇಲೆ
ಹೆಬ್ಬೆರಳ ಗಂಟಿನಷ್ಟು, ಒದ್ದೆ ತರಗೆಲೆಯ ಬಣ್ಣದ
ಒಂದು ಜೀವ.
ಹಿಂಗಾಲನ್ನು ನಿಧಾನ ಚಾಚಿತು,
ಬೆರಳು ಬಿಡಿಸಿತು,
ನಡುವಿನ ತೊಗಲು ಬೆಳ್ಳಗೆ ಮಿಂಚಿ
ಮಡಚಿಕೊಂಡಿತು.
"ನೀರು ಇಷ್ಟು ಗಲಾಟೆ ಮಾಡಿದರೆ
ಕೂಗಿ ಏನು ಬಂತು? ಕಾಲಲ್ಲೇ ಮಾತಾಡ್ತದೆ."
ನಕ್ಕಳು,
ಪಲ್ಪರ್ ಮನೆಯ ಸದ್ದಿನಲ್ಲಿ
ಅರ್ಧ ಸಂಸಾರವನ್ನು ಕೈಸನ್ನೆಯಲ್ಲೇ ಮುಗಿಸಿದವಳು.

ಆಮೇಲೆ ಆ ಫೆಬ್ರವರಿ.
ತೋಟ ಪಾಲಾಯಿತು. ತೋಡಿನ ದಡ ಕಿರಿಯವರಿಗೆ ಹೋಯಿತು.
ನೆರಳು ಹೆಚ್ಚಾಗಿ ಕಾಫಿಗೆ ಕೊಳೆ ಹಿಡಿಯುತ್ತದೆ ಎಂದರು,
ಸುಳ್ಳೂ ಅಲ್ಲ.
ಟಾರು ಡಬ್ಬಿ ಹಿಡಿದು ನಂಬರು ಹಾಕಿದವನು ನಾನೇ.
ಒಂದು, ಬಳಂಜಿ. ಎರಡು, ಮೂರು, ನೇರಳೆ.
ಹನ್ನೊಂದರ ಮೇಲೆ ಮರಕ್ಕಿಂತ ಜರಿಗಿಡವೇ ಹೆಚ್ಚಿತ್ತು,
ಅದಕ್ಕೆ ಯಾರೂ ಬೆಲೆ ಕಟ್ಟಲಿಲ್ಲ.

ಬಿಸಿಲು ಮೊದಲ ಸಲ ತೋಡಿಗಿಳಿಯಿತು.
ಹೊಸ ಮನೆಗೆ ಬಂದ ನೆಂಟನಂತೆ
ಒಂದೊಂದೇ ಕಲ್ಲು ಮುಟ್ಟಿ ನೋಡಿತು.
ಪಾಚಿ ಹಪ್ಪಳವಾಯಿತು.
ಮಧ್ಯಾಹ್ನ ಕಾಲಿಳಿಬಿಟ್ಟರೆ ನೀರು ಉಗುರುಬೆಚ್ಚಗೆ,
ನಮಗದು ಹಿತ.
ತೊಗಲಿಂದಲೂ ಉಸಿರೆಳೆಯುವ ಜೀವಕ್ಕೆ
ಒಣಗುವುದೂ ಉಸಿರುಗಟ್ಟುವುದೂ ಒಂದೇ.

ಜೂನ್ ಬಂತು, ಡಬ್ಬಿ ತುಂಬಿತು, ಬರೆದೆ.
ನಡುಗಲ್ಲು ತೊಳೆದು ಕವುಚಿದ ತಟ್ಟೆ.
ಇಂಚಿಗೊಂದು ಕಾಲಂ, ಸೆಂಟಿಗೊಂದು ಕಾಲಂ,
ಷರಾ ಎಂಬಲ್ಲಿ ಅರ್ಧ ಅಂಗುಲ ಜಾಗ.
ಅದರಲ್ಲಿ ಏನು ಹಿಡಿಸೀತು?

ಮೇಲಿನ ತಿರುವಿನಲ್ಲಿ ಒಂದು ಹೆಬ್ಬಲಸು
ಮಳೆ ಹಿಡಿದದ್ದಕ್ಕೆ ಉಳಿದುಹೋಗಿತ್ತು. ನಂಬರು ಹನ್ನೆರಡು.
ಅದರಡಿ ಮಂಚದಗಲ ಕತ್ತಲು.
ಕೂತು ಎಣಿಸಿದೆ: ನಾಲ್ಕು. ಅಲ್ಲ, ಐದು.
ಒಂದು ಕಾಲು ಬೀಸಿತು.
ಎದುರು ದಡದಲ್ಲಿ ಬರೀ ಬುಡಗಳು.

ಮಳೆ ಬಿಟ್ಟ ಮೇಲೆ ಪಟ್ಟಿ ಕೇಳಿದರು. ಬರೆದುಕೊಟ್ಟೆ:
"ಹನ್ನೆರಡು. ಹೆಬ್ಬಲಸು. ಒಳಗೆ ಪೊಟರೆ. ಸೌದೆಗೂ ಬಾರದು."
ಅಕ್ಷರ ಎಂದಿಗಿಂತ ದುಂಡಗೆ ಬಂತು.

ಮರುದಿನ ಮೇಸ್ತ್ರಿ
ಕೊಡಲಿಯ ಹಿಂಬದಿಯಲ್ಲಿ ಬಡಿದು ನೋಡಿದ.
ಗಟ್ಟಿ ಮರ. ಅವನ ಮೊಣಕೈಗೇ ಗೊತ್ತಾಗಿರಬೇಕು.
ನನ್ನ ಮುಖ ನೋಡಿದ.
ತೋಡು ಇನ್ನೂ ತುಂಬಿ ಹರಿಯುತ್ತಿತ್ತು,
ಏನೋ ಅಂದ, ಕೇಳಿಸಲಿಲ್ಲ.
ಅಂಗೈ ಬಿಡಿಸಿ ಗಾಳಿಯಲ್ಲೊಮ್ಮೆ ಆಡಿಸಿದ,
ಹೋಗಲಿ ಬಿಡು ಎಂದೋ,
ನಾಳೆ ನೋಡೋಣ ಎಂದೋ.